ಐರ್ಲೆಂಡಿನ ಕಿನ್ನರರೂ ಬ್ರಿಜೆಟ್ ಕ್ಲಿಯರಿಯ ಮರಣವೂ

ಪಾಶ್ಚಾತ್ಯರ ಮಕ್ಕಳ ಕಥೆಗಳಲ್ಲಿ ಬರುವ ‘ಫೇರಿ’ ಎಂಬ ಕಿನ್ನರಿಯು ಚಿಟ್ಟೆಯಂತೆ ರೆಕ್ಕೆಗಳುಳ್ಳವಳು, ಬೇಡಿದುದನ್ನು ಕೊಡುವವಳು. ಈ ಚೆಲುವಾದ ರೂಪವು ಬಹುಮಟ್ಟಿಗೆ ಕವಿಗಳೂ ಚಿತ್ರಕಾರರೂ ಕಲ್ಪಿಸಿದುದು. ಐರ್ಲೆಂಡು, ಸ್ಕಾಟ್ಲೆಂಡು ದೇಶಗಳ ಹಳ್ಳಿಗರು ನಂಬಿದ್ದ ಕಿನ್ನರರಾದರೋ ಬೇರೆಯೇ ಬಗೆಯವರು. ಅವರ ನಿಜನಾಮವನ್ನು ಉಚ್ಚರಿಸಲು ಅಂಜಿ ಜನರು ಅವರನ್ನು ‘ಒಳ್ಳೆಯ ಜನ’ವೆಂದು ಕರೆಯುತ್ತಿದ್ದರು. ಆ ಮರ್ಯಾದೆಯು ಭಯದಿಂದ ಹುಟ್ಟಿದುದು.

ಸ್ವರ್ಗದಿಂದ ಭ್ರಷ್ಟರಾದರೂ ನರಕಕ್ಕೆ ಬೀಳುವಷ್ಟು ಪಾಪವಿಲ್ಲದೆ ಭೂಮಿಯಲ್ಲಿಯೇ ಉಳಿದ ದೇವದೂತರು ಇವರೆಂದು ಕೆಲವರ ನಂಬಿಕೆ. ಸ್ಕಾಟ್ಲೆಂಡಿನ ಆಬರ್‌ಫಾಯಿಲ್ ಎಂಬ ಊರಿನ ಪಾದ್ರಿಯಾದ ರಾಬರ್ಟ್ ಕರ್ಕನು 1691ರ ಸುಮಾರಿನಲ್ಲಿ ಬರೆದ ಗ್ರಂಥದಲ್ಲಿ ಇವರನ್ನು ಮನುಷ್ಯರಿಗೂ ದೇವದೂತರಿಗೂ ನಡುವಣ ಜಾತಿಯೆಂದು ವರ್ಣಿಸಿದನು. 1692ರಲ್ಲಿ ಆತನು ತೀರಿಕೊಂಡಾಗ, ಕಿನ್ನರರೇ ಆತನನ್ನು ಒಯ್ದರೆಂಬ ಕಥೆಯು ಹುಟ್ಟಿತು.

ಹೀಗೆ ಮನುಷ್ಯರನ್ನು ಒಯ್ಯುವುದೇ ಈ ನಂಬಿಕೆಯ ಕರಾಳಭಾಗ. ಶಿಶುಗಳನ್ನೂ ಬಾಣಂತಿಯರನ್ನೂ ಕಿನ್ನರರು ಕದ್ದೊಯ್ದು, ಅದೇ ರೂಪದ ಬೇರೊಂದು ಜೀವವನ್ನು ಹಾಸಿಗೆಯಲ್ಲಿ ಇಟ್ಟುಹೋಗುವರೆಂದು ಜನರು ತಿಳಿದಿದ್ದರು. ಅದಕ್ಕಾಗಿ ತೊಟ್ಟಿಲಿನ ಮೇಲೆ ಕಬ್ಬಿಣದ ಇಕ್ಕಳವನ್ನು ಇಡುತ್ತಿದ್ದರು. ಗಂಡುಮಕ್ಕಳಿಗೆ ಹೆಣ್ಣುಡುಗೆ ತೊಡಿಸುತ್ತಿದ್ದರು. ಮಗುವು ಬೆಳೆಯದೆ ಕೃಶವಾದರೆ, ಮಾತು ಬಾರದಿದ್ದರೆ, ಅದು ತಮ್ಮ ಮಗುವೇ ಅಲ್ಲವೆಂಬ ಸಂಶಯವು ತಲೆದೋರುತ್ತಿತ್ತು. ಬದಲಿಯಾಗಿ ಬಂದುದನ್ನು ನೀರಿನಿಂದಲೋ ಬೆಂಕಿಯಿಂದಲೋ ಹಿಂಸಿಸಿದರೆ ಕಿನ್ನರರು ನಿಜವಾದ ಮಗುವನ್ನು ತಂದೊಪ್ಪಿಸುವರೆಂಬುದು ಇದಕ್ಕೆ ಹೇಳಿದ ಪರಿಹಾರ. 1826ರಲ್ಲಿ ಕೆರ್ರಿ ಪ್ರಾಂತದ ಫ್ಲೆಸ್ಕ್ ನದಿಯಲ್ಲಿ, ನಡೆಯಲೂ ಮಾತನಾಡಲೂ ಬಾರದ ನಾಲ್ಕು ವರ್ಷದ ಬಾಲಕನೊಬ್ಬನನ್ನು ಮುದುಕಿಯೊಬ್ಬಳು ಹೀಗೆಯೇ ಮುಳುಗಿಸಿ, ಬಾಲಕನು ಸತ್ತನು. ತನ್ನ ಉದ್ದೇಶವು ಕೊಲ್ಲುವುದಲ್ಲ, ಗುಣಪಡಿಸುವುದೆಂದು ಆಕೆಯು ವಾದಿಸಿದಳು. ಪಂಚಾಯ್ತರು ಆಕೆಯನ್ನು ನಿರ್ದೋಷಿಯೆಂದರು.

ಇದಕ್ಕಿಂತ ಹೆಚ್ಚು ಪ್ರಸಿದ್ಧವಾದುದು 1895ರಲ್ಲಿ ಟಿಪೆರರಿ ಪ್ರಾಂತದ ಬ್ಯಾಲಿವಾಡ್ಲೀ ಎಂಬಲ್ಲಿ ನಡೆದ ದುರಂತ. ಬ್ರಿಜೆಟ್ ಕ್ಲಿಯರಿಯು ಇಪ್ಪತ್ತಾರು ವರ್ಷದ ಗೃಹಿಣಿ. ಹೊಲಿಗೆಯಂತ್ರವನ್ನಿಟ್ಟುಕೊಂಡು ಸ್ವಂತ ದುಡಿಮೆಯಿಂದ ಹಣ ಸಂಪಾದಿಸುತ್ತಿದ್ದವಳು. ಗಂಡನಾದ ಮೈಕೇಲನು ಪೀಪಾಯಿ ಮಾಡುವ ಕಸುಬಿನವನು. ಮಾರ್ಚಿ ತಿಂಗಳ ಆರಂಭದಲ್ಲಿ ಆಕೆಯು ಮೊಟ್ಟೆಗಳನ್ನು ಕೊಡಲು ಕೈಲನಗ್ರಾನ ಗುಡ್ಡದ ಕಡೆಗೆ ಹೋಗಿ ಬಂದು ಚಳಿಜ್ವರದಿಂದ ಮಲಗಿದಳು. ಆ ಗುಡ್ಡದಲ್ಲಿ ಮಣ್ಣಿನ ವರ್ತುಲಾಕಾರದ ಹಳೆಯ ಕೋಟೆಯಿತ್ತು. ಅಂತಹ ಕೋಟೆಗಳು ಪೂರ್ವಕಾಲದ ಒಕ್ಕಲಿಗರ ಮನೆಗಳ ಆವರಣಗಳೆಂದು ಪುರಾತತ್ತ್ವಜ್ಞರು ಹೇಳುವರು. ಹಳ್ಳಿಗರಿಗಾದರೋ ಅವು ಕಿನ್ನರರ ನಿವಾಸಗಳು.

13ರಂದು ವೈದ್ಯನೂ ಪಾದ್ರಿಯೂ ಬಂದುಹೋದರು. 14ರ ರಾತ್ರಿ ಬಂಧುಗಳು ಆಕೆಯನ್ನು ಹಿಡಿದು, ಹಾಲಿನಲ್ಲಿ ಕಾಯಿಸಿದ ಮೂಲಿಕೆಯನ್ನು ಬಲಾತ್ಕಾರದಿಂದ ಕುಡಿಸಿ, ಒಲೆಯ ಬೆಂಕಿಯ ಮೇಲೆ ಹಿಡಿದು, ‘ನೀನು ಬ್ರಿಜೆಟ್ಟಳೇ? ದೇವರ ಹೆಸರಿನಲ್ಲಿ ಹೇಳು’ ಎಂದು ಮತ್ತೆ ಮತ್ತೆ ಕೇಳಿದರು. ಮರುದಿನ ಆಕೆಯು ಎದ್ದು, ಉಡುಪು ಧರಿಸಿ, ಎಲ್ಲರೊಡನೆ ಕುಳಿತಳು. ಆದರೂ ಗಂಡನ ಸಂಶಯವು ತೀರಲಿಲ್ಲ. ಅದೇ ರಾತ್ರಿ ಆತನು ಆಕೆಯನ್ನು ನೆಲಕ್ಕೆ ಕೆಡವಿ, ದೀಪದ ಎಣ್ಣೆ ಸುರಿದು ಸುಟ್ಟನು. ಬಳಿಕ ಕರಿಹಿಡಿಯ ಚೂರಿಯೊಡನೆ ಕೋಟೆಯ ಬಳಿ ಕಾದನು. ನಿಜವಾದ ಬ್ರಿಜೆಟ್ಟಳು ಬಿಳಿಯ ಕುದುರೆಯೇರಿ ಬರುವಳು, ಕಟ್ಟುಗಳನ್ನು ಕತ್ತರಿಸಿ ಆಕೆಯನ್ನು ಬಿಡಿಸಿಕೊಳ್ಳುವೆನೆಂದು ಆತನ ನಿರೀಕ್ಷೆ. 22ರಂದು ಆರಕ್ಷಕರಿಗೆ ದೊರೆತುದು ಮಣ್ಣಿನಲ್ಲಿ ಹೂತ ಶವ.

ಆ ವರ್ಷದ ಜುಲೈ ತಿಂಗಳಿನಲ್ಲಿ ಕ್ಲೊನ್‌ಮೆಲ್ ನ್ಯಾಯಸ್ಥಾನವು ಮೈಕೇಲನಿಗೆ ಇಪ್ಪತ್ತು ವರ್ಷದ ಕಠಿನಶಿಕ್ಷೆಯನ್ನೂ, ಬ್ರಿಜೆಟ್ಟಳ ತಂದೆಗೂ ಕೆಲವು ಬಂಧುಗಳಿಗೂ ಅದಕ್ಕಿಂತ ಕಡಮೆಯ ಶಿಕ್ಷೆಯನ್ನೂ ವಿಧಿಸಿತು. ಮೈಕೇಲನು 1910ರಲ್ಲಿ ಬಿಡುಗಡೆ ಹೊಂದಿ ಕೆನಡಾ ದೇಶಕ್ಕೆ ಹೊರಟುಹೋದನು. ಐರಿಷರು ಸ್ವರಾಜ್ಯಕ್ಕೆ ಅರ್ಹರಲ್ಲವೆಂಬ ವಾದಕ್ಕೆ ಅವರ ವಿರೋಧಿಗಳು ಈ ಪ್ರಕರಣವನ್ನೇ ಸಾಧನವಾಗಿ ಮಾಡಿಕೊಂಡರು. ಆದರೆ ವೈದ್ಯನನ್ನು ಕರೆಸಿದುದೂ ಅದೇ ಮನೆ, ಕೊಲೆಯ ಸುಳಿವನ್ನು ಹೊರಗೆಡಹಿದವರೂ ಅದೇ ನೆರೆಹೊರೆಯವರು ಎಂಬುದನ್ನು ಆ ವಾದವು ಮರೆಮಾಡಿತು.

ಹಾಸಿಗೆಯಲ್ಲಿರುವುದು ತನ್ನವರಲ್ಲವೆಂದು ಒಮ್ಮೆ ನಿಶ್ಚಯಿಸಿದವನಿಗೆ ರೋಗಿಯ ನರಳಾಟವೂ ಉತ್ತರವೂ ಮೌನವೂ ಒಂದೇ ಸಾಕ್ಷ್ಯವಾಗಿ ತೋರುವುವು. ಆಗ ಹಿಂಸೆಯು ಹಿಂಸೆಯೆನಿಸದೆ, ಒಯ್ದವರಿಂದ ಪ್ರಿಯಳನ್ನು ಬಿಡಿಸುವ ಕರ್ತವ್ಯವೆನಿಸುವುದು. ಬ್ರಿಜೆಟ್ಟಳು ತಾನು ಬ್ರಿಜೆಟ್ಟಳೆಂದು ಹೇಳಿದಳು. ಆ ಮಾತನ್ನು ನಂಬಲು ಆ ಮನೆಯಲ್ಲಿ ಒಬ್ಬನಾದರೂ ದೃಢವಾಗಿ ನಿಂತಿದ್ದರೆ ಆಕೆಯು ಉಳಿಯುತ್ತಿದ್ದಳು.