ಶುದ್ಧ ಬಾಟಲಿ ಕೈಕೊಟ್ಟಾಗ

ಮೊಟ್ಟೆಯ ಹಳದಿಯಲ್ಲಿ ಧಾರಾಳವಾಗಿರುವ ಲೆಸಿಥಿನ್, ನಮ್ಮ ಜೀವಕೋಶಗಳ ಪೊರೆಯ ಮುಖ್ಯ ಸಾಮಗ್ರಿಯೂ ಹೌದು. ಕೋಶ ಅದನ್ನು ಹೇಗೆ ಕಟ್ಟುತ್ತದೆ ಎಂಬುದು 1950ರ ದಶಕದ ಆರಂಭದಲ್ಲಿ ಬಿಡಿಸದ ಒಗಟು.

ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಕೆನಡಿ ಮತ್ತು ಸ್ಯಾಮ್ಯುಯೆಲ್ ವೈಸ್ ಇಲಿಯ ಯಕೃತ್ತಿನ ಸಾರಕ್ಕೆ ಫಾಸ್ಫೊಕೋಲಿನ್ ಬೆರೆಸಿ, ಶಕ್ತಿಗೆಂದು ಎಟಿಪಿ ಸೇರಿಸಿ, ಲೆಸಿಥಿನ್ ಹುಟ್ಟುತ್ತದೆಯೇ ಎಂದು ನೋಡುತ್ತಿದ್ದರು. ವಿಚಿತ್ರವೆಂದರೆ, ಹರಳುಗಟ್ಟಿಸಿ ಶುದ್ಧ ಮಾಡಿದ ಎಟಿಪಿ ಹಾಕಿದರೆ ಏನೂ ಆಗುತ್ತಿರಲಿಲ್ಲ. ಅಷ್ಟು ಶುದ್ಧವಲ್ಲದ, ಪುಡಿಯಂತಹ ಎಟಿಪಿ ಹಾಕಿದರೆ ಕೆಲಸ ನಡೆಯುತ್ತಿತ್ತು. ಇಂಥ ಹೊತ್ತಲ್ಲಿ ಶುದ್ಧವಾದದ್ದನ್ನೇ ನಂಬಿ ಉಳಿದುದನ್ನು ಚೆಲ್ಲುವುದು ಪ್ರಯೋಗಶಾಲೆಯ ಸಹಜ ಶಿಸ್ತು. ಅವರು ಹಾಗೆ ಮಾಡದೆ ಕಲಬೆರಕೆಯನ್ನೇ ಹುಡುಕಿ ಹೊರಟರು. ಸಿಕ್ಕಿದ್ದು ಸಿಟಿಪಿ, ಅಂದರೆ ಎಟಿಪಿಯ ದಾಯಾದಿ. ಅದರಿಂದ ಕೋಲಿನ್‌ಗೆ ಒಂದು ಹಿಡಿಕೆ ಅಂಟಿಕೊಂಡು ಸಿಡಿಪಿ-ಕೋಲಿನ್ ಆಗುತ್ತದೆ. ಆ ಹಿಡಿಕೆ ಕಳಚಿದಾಗ ಕೋಲಿನ್ ಕೊಬ್ಬಿನ ಅಣುವಿಗೆ ಸೇರಿ ಲೆಸಿಥಿನ್ ಸಿದ್ಧ. 1956ರಲ್ಲಿ ಇಬ್ಬರೂ ಇದನ್ನು ವಿವರವಾಗಿ ಪ್ರಕಟಿಸಿದರು. ಈ ದಾರಿಗೆ ಇಂದಿಗೂ ಕೆನಡಿಯ ಹೆಸರೇ.

ಹಿಡಿಕೆ ಅಂಟಿಸುವ ಕಿಣ್ವದ ಹೆಸರು ಹೇಳಲು ನಾಲಿಗೆ ತೊಡರುತ್ತದೆ: ಸೈಟಿಡಿಲಿಲ್‌ಟ್ರಾನ್ಸ್‌ಫರೇಸ್. ಸಿಸಿಟಿ ಎನ್ನೋಣ. ನನಗೆ ಈ ಕತೆಯಲ್ಲಿ ಅತಿ ಇಷ್ಟವಾದ ಪಾತ್ರ ಇದೇ. ಪೊರೆಯಲ್ಲಿ ಲೆಸಿಥಿನ್ ಸಾಕಷ್ಟಿದ್ದರೆ ಸಿಸಿಟಿ ಸುಮ್ಮನೆ ತೇಲುತ್ತಿರುತ್ತದೆ. ಕೊರತೆ ಬಿದ್ದರೆ ತನ್ನ ಮೈಯ ಒಂದು ತುಂಡನ್ನು ಪೊರೆಯೊಳಕ್ಕೆ ತೂರಿಸಿ ಎಚ್ಚರಗೊಳ್ಳುತ್ತದೆ. ರಿಪೇರಿ ಬೇಕಾದ ಗೋಡೆಯೇ ಗಾರೆಯವನನ್ನು ಎಬ್ಬಿಸಿದಂತೆ!

ಸಿಡಿಪಿ-ಕೋಲಿನ್ ನಿಮಗೂ ಅಪರಿಚಿತವಲ್ಲ. ಮನೆಯಲ್ಲಿ ಯಾರಿಗಾದರೂ ಪಾರ್ಶ್ವವಾಯು ಬಡಿದಿದ್ದರೆ, ಔಷಧಿ ಚೀಟಿಯಲ್ಲಿ ಸಿಟಿಕೋಲಿನ್ ಎಂದು ಓದಿರಬಹುದು, ಅದು ಇದೇ. ಮಿದುಳಿನ ಹಾಳಾದ ಪೊರೆ ಮತ್ತೆ ಕಟ್ಟಿಕೊಳ್ಳಲಿ ಎಂಬುದು ಅದರ ಹಿಂದಿನ ಆಸೆ. ಆದರೆ ನುಂಗಿದ ಸಿಟಿಕೋಲಿನ್ ಹೊಟ್ಟೆಯಲ್ಲೇ ಕೋಲಿನ್ ಮತ್ತು ಸೈಟಿಡಿನ್ ಆಗಿ ಒಡೆಯುತ್ತದೆ. ಅವೆರಡನ್ನು ಮತ್ತೆ ಜೋಡಿಸಲು ಆ ಸಿಸಿಟಿಯೇ ಬೇಕು. ಸ್ಪೇನ್, ಪೋರ್ಚುಗಲ್, ಜರ್ಮನಿಗಳ 2,298 ರೋಗಿಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲು ರಕ್ತನಾಳದ ಮೂಲಕ, ಆಮೇಲೆ ಬಾಯಿಯ ಮೂಲಕ, ಆರು ವಾರ ಈ ಔಷಧಿ ಕೊಟ್ಟರು. ಹುಸಿ ಔಷಧಿ ಪಡೆದವರಿಗಿಂತ ಹೆಚ್ಚಿನ ಚೇತರಿಕೆ ಕಾಣಲಿಲ್ಲ. ನಮ್ಮ ಔಷಧಿ ಅಂಗಡಿಗಳಲ್ಲಿ ಅದು ಈಗಲೂ ಸಿಗುತ್ತದೆ.