ಕ್ರಮಾಂಕಪಟ್ಟಿಯ ಕೆಳಗಿನ ಸಾಲು: ಅತ್ತಿಲ ಬಲಾಜ್

ಹಂಗೆರಿಯ ಟೆನಿಸ್ ಚರಿತ್ರೆಯನ್ನು ಬರೆಯುವವರು 1947ರಲ್ಲಿ ಯೋಜೆಫ್ ಅಸ್ಬೋತ್ ಪ್ಯಾರಿಸ್ಸಿನಲ್ಲಿ ಗಳಿಸಿದ ಫ್ರೆಂಚ್ ಪ್ರಶಸ್ತಿಯನ್ನು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಆಟವೇ ಜೀವನೋಪಾಯವಾದ ಈಚಿನ ಕಾಲವನ್ನು ಅರಿಯಲು ವಿಜೇತರ ಪಟ್ಟಿಯೊಂದೇ ಸಾಲದೆಂದು ನಾವು ಭಾವಿಸುತ್ತೇವೆ. 1988ರಲ್ಲಿ ಜನಿಸಿದ ಅತ್ತಿಲ ಬಲಾಜ್ ಅವರ ವೃತ್ತಿಜೀವನ ಇದಕ್ಕೆ ನಿದರ್ಶನವಾಗಬಲ್ಲುದು.

1973ರಲ್ಲಿ ಆರಂಭವಾದ ಗಣಕಯಂತ್ರದ ಕ್ರಮಾಂಕ ಪದ್ಧತಿಯಲ್ಲಿ ಆಟಗಾರನ ಸ್ಥಾನ ಹಿಂದಿನ 52 ವಾರಗಳ ಆಟವನ್ನು ಅವಲಂಬಿಸಿದೆ. ಸ್ಥಾನ ಕೆಳಗಿದ್ದವನಿಗೆ ದೊಡ್ಡ ಪಂದ್ಯಾವಳಿಗಳಲ್ಲಿ ನೇರ ಪ್ರವೇಶವಿಲ್ಲ. ಪ್ರವೇಶವಿಲ್ಲದೆ ಹೆಚ್ಚಿನ ಅಂಕಗಳಿಲ್ಲ. ಈ ವಿಷವೃತ್ತವನ್ನು ಭೇದಿಸಲು ಉಳಿದಿರುವುದು ಅರ್ಹತಾ ಸುತ್ತೆಂಬ ಕಿರುದಾರಿ. 2019ರ ಜುಲೈ ತಿಂಗಳಲ್ಲಿ, ಮೊದಲ ನೂರರಿಂದ ಬಹುದೂರವಿದ್ದ ಬಲಾಜ್, ಕ್ರೊಯೇಷಿಯದ ಉಮಾಗ್ ಪಂದ್ಯಾವಳಿಯನ್ನು ಆ ದಾರಿಯಿಂದಲೇ ಹೊಕ್ಕು ಅಂತಿಮ ಪಂದ್ಯವನ್ನು ತಲಪಿದರು. ಸರ್ಬಿಯದ ದುಶಾನ್ ಲಾಯೊವಿಚ್ 7-5, 7-5ರಿಂದ ಗೆದ್ದರೆಂಬುದು ನಿಜ. ಆದರೆ ಸೋತವರಿಗೆ ದೊರೆತುದು 150 ಅಂಕಗಳು. ಕೆಳದರ್ಜೆಯ ಚಾಲೆಂಜರ್ ಪಂದ್ಯಾವಳಿಯಲ್ಲಿ ಪ್ರಶಸ್ತಿಯನ್ನೇ ಗೆದ್ದವನಿಗೂ ಆಗ 125ಕ್ಕಿಂತ ಹೆಚ್ಚು ದೊರೆಯುತ್ತಿರಲಿಲ್ಲ! ಆ ಒಂದು ಸೋಲು ಅನೇಕ ಗೆಲುವುಗಳಿಗಿಂತ ಬೆಲೆಯುಳ್ಳದ್ದಾಗಿತ್ತು.

2020ರ ಫೆಬ್ರವರಿಯಲ್ಲಿ ರಿಯೊ ಡಿ ಜನೈರೊದಲ್ಲಿ ಅವರು ಉಪಾಂತ್ಯದವರೆಗೆ ಬಂದರು. ಅದರ ಬೆನ್ನಿಗೇ ಅವರಿಗೆ 76ನೆಯ ಕ್ರಮಾಂಕ ಲಭಿಸಿತು. ಅವರ ಅತ್ಯುಚ್ಚ ಸ್ಥಾನ ಅದೇ. ಆಗ ವಯಸ್ಸು 31. ಅಷ್ಟರಲ್ಲಿ, ಮಾರ್ಚ್ 12ರಂದು, ಕೊರೋನಾ ಪಿಡುಗಿನ ಕಾರಣ ಪುರುಷರ ವೃತ್ತಿಪರ ಪಂದ್ಯಗಳನ್ನು ನಿಲ್ಲಿಸಲಾಯಿತು. ಅವು ಪುನಃ ಆರಂಭವಾದುದು ಆಗಸ್ಟಿನಲ್ಲಿ. ಮೊದಲ ನೂರರೊಳಗಣ ಸ್ಥಾನ ಸಾಮಾನ್ಯವಾಗಿ ವಿಂಬಲ್ಡನ್ನಿನ ಮುಖ್ಯ ಸುತ್ತಿಗೆ ನೇರ ಪ್ರವೇಶವನ್ನು ಕೊಡುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಮೊದಲ ಬಾರಿಗೆ, ಆ ವರ್ಷ ವಿಂಬಲ್ಡನ್ ನಡೆಯಲೇ ಇಲ್ಲ.