ಚಳಿಜ್ವರ ಬಿಟ್ಟ ಮೇಲೆ ಬಂದ ಜನ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರಾಗಿದ್ದವನು ನಾನು. ಬೆಳಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ವಾರಕ್ಕೊಮ್ಮೆ ಬಟವಾಡೆ. ತಲೆ ಎಣಿಸುವುದೇ ಕಸುಬಾದವನಿಗೆ ಹಳೆಯ ಜನಗಣತಿಯ ಅಂಕಿಗಳೂ ರುಚಿಸುತ್ತವೆ. 1901ರಲ್ಲಿ ಕಡೂರು ಜಿಲ್ಲೆಯಲ್ಲಿ, ಅಂದರೆ ಈಗಿನ ಚಿಕ್ಕಮಗಳೂರಿನಲ್ಲಿ, 3.62 ಲಕ್ಷ ಜನರಿದ್ದರು. 1931ಕ್ಕೆ ಅದು 3.47 ಲಕ್ಷಕ್ಕೆ ಇಳಿದಿತ್ತು. ಆ ಮೂವತ್ತು ವರ್ಷದಲ್ಲಿ ಇಡೀ ಮೈಸೂರು ಸಂಸ್ಥಾನ 55 ಲಕ್ಷದಿಂದ 65 ಲಕ್ಷ ದಾಟಿತ್ತು. ಕೊಡಗಿನದೂ ನಮ್ಮದೇ ಕಥೆ: 1.80 ಲಕ್ಷ ಇದ್ದದ್ದು 1.63 ಲಕ್ಷ.

ಮಳೆಗೆ ಕೊರತೆಯಿಲ್ಲ, ಮಣ್ಣಿಗೆ ಕೊರತೆಯಿಲ್ಲ. 1918ರ ಇನ್‌ಫ್ಲುಯೆಂಜಾ ಒಂದಷ್ಟು ಜನರನ್ನು ಒಯ್ದಿತು, ನಿಜ. ಆದರೆ ವರ್ಷಾವರ್ಷ ತಿನ್ನುತ್ತಿದ್ದದ್ದು ಮಲೇರಿಯ. ನಮ್ಮ ಕಡೆ ಅದನ್ನು ಹರಡುತ್ತಿದ್ದ ಸೊಳ್ಳೆ ಕೊಚ್ಚೆಯದಲ್ಲ. ನಿಧಾನ ಹರಿಯುವ ತಿಳಿನೀರಿನ ಹಳ್ಳದಂಚಿನಲ್ಲಿ ಮೊಟ್ಟೆಯಿಡುವಂಥದು. ಹಳ್ಳವಿಲ್ಲದ ಮಲೆನಾಡು ಎಲ್ಲಿದೆ? ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ, ಬಸುರಿಯರಿಗೆ ಗರ್ಭಪಾತ. ಘಟ್ಟದ ಕೆಳಗಿನಿಂದ ಮೇಸ್ತ್ರಿ ಮುಂಗಡ ಕೊಟ್ಟು ಕರೆತಂದ ಆಳುಗಳು ಕುಯ್ಲು ಮುಗಿಸಿ, ಬೇಸಿಗೆಯ ಜ್ವರ ಶುರುವಾಗುವ ಮುಂಚೆ ಊರಿಗೆ ಇಳಿದುಬಿಡುತ್ತಿದ್ದರು. ಜೀವಕ್ಕಿಂತ ಕೂಲಿ ದೊಡ್ಡದೇ?

ಜನ ಹೆಚ್ಚಿದರೆ ಬಡತನ ಹೆಚ್ಚುತ್ತದೆ ಎಂದು ಪಾಠ ಹೇಳುವವರು ಆ ಕಾಲದ ಮಲೆನಾಡನ್ನು ನೋಡಬೇಕಿತ್ತು. ಇಲ್ಲಿ ಭೂಮಿ ಇತ್ತು, ದುಡಿಯುವ ಕೈಗಳಿರಲಿಲ್ಲ. ಬಡತನಕ್ಕೆ ಅದೇ ಸಾಕಾಗಿತ್ತು.

1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆಯಲ್ಲೇ ಮಲೇರಿಯ ಅಧ್ಯಯನ ಕೇಂದ್ರ ತೆರೆಯಿತು. ಆದರೆ ಹಳ್ಳಿಹಳ್ಳಿಗೂ ಮುಟ್ಟಿದ್ದು ಡಿಡಿಟಿ. 1946ರ ಹೊತ್ತಿಗೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಉತ್ತರ ಕನ್ನಡದ ಹಳ್ಳಿಗಳಲ್ಲಿ ಮಲೇರಿಯ ತಜ್ಞ ಡಾ. ವಿಶ್ವನಾಥನ್ ಅದನ್ನು ಪ್ರಯೋಗಿಸಿ ತೋರಿಸಿದ್ದರು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಬಂತು. ಆಗ ನಾನು ಹುಡುಗ. ಡಿಡಿಟಿ ಹೊಡೆಯುವವರು ಬಂದರೆಂದರೆ ಅಜ್ಜಿ ಉಪ್ಪಿನಕಾಯಿ ಭರಣಿ, ದೇವರ ತಟ್ಟೆ, ಹಾಸಿಗೆ ಎಲ್ಲವನ್ನೂ ಅಂಗಳಕ್ಕೆ ಸಾಗಿಸುತ್ತಿದ್ದರು. ಒಳಗೆ ಪಂಪಿನ ಚುಸ್ ಚುಸ್. ಗೋಡೆ ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತಿತ್ತು. ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ತಿಗಣೆ ಸಾಯಲಿಲ್ಲ ಎಂದು ಅಜ್ಜಿಗೆ ಸಿಟ್ಟು.

1951ರಲ್ಲಿ 4.17 ಲಕ್ಷವಿದ್ದ ಜಿಲ್ಲೆ 1961ಕ್ಕೆ 5.97 ಲಕ್ಷವಾಯಿತು. ಹುಟ್ಟಿದವರು ಬದುಕಿದರು, ಬಂದವರು ನಿಂತರು. ತೋಟದಾಳುಗಳ ಲೈನ್ ಮನೆಗಳಲ್ಲಿ ವರ್ಷವಿಡೀ ಒಲೆ ಉರಿಯತೊಡಗಿತು. ಕುಯ್ಲಿಗಷ್ಟೇ ಅಲ್ಲ, ನೆರಳುಮರದ ಕೊಂಬೆ ಸವರುವ ಮರಗಸಿಗೂ ಕಳೆಗೂ ಆಳು ಸಿಕ್ಕರು. 1950ರಲ್ಲಿ ದೇಶದ ಕಾಫಿ ಸುಮಾರು 19 ಸಾವಿರ ಟನ್. 2000ದ ಹೊತ್ತಿಗೆ ಮೂರು ಲಕ್ಷ ಟನ್. ಕಾಫಿ ಬೋರ್ಡು, ರೊಬಸ್ಟಾ, ಗೊಬ್ಬರ, ರಸ್ತೆ ಎಲ್ಲದರ ಪಾಲೂ ಇದರಲ್ಲಿದೆ. ಆದರೆ ಜ್ವರದಲ್ಲಿ ನಡುಗುವವನು ಗೊಬ್ಬರ ಹಾಕುತ್ತಿದ್ದನೇ? ಕಾಡು, ಗೋಮಾಳ ಒತ್ತುವರಿಯಾದದ್ದೂ ಈ ಲೆಕ್ಕಕ್ಕೇ ಸೇರಬೇಕು. ಅದನ್ನು ಮುಚ್ಚಿಡುವವನಲ್ಲ ನಾನು.

ಆಮೇಲೆ ಗಾಳಿ ತಿರುಗಿತು. ಕಾಫಿಯ ದುಡ್ಡಿನಲ್ಲಿ ಓದಿದ ಸಾಹುಕಾರರ ಮಕ್ಕಳು ಬೆಂಗಳೂರಿಗೆ ಹೋದರು. ಲೈನಿನ ಮಕ್ಕಳೂ ಓದಿ ಅದೇ ಬಸ್ಸು ಹತ್ತಿದರು. ಮನೆಗೆ ಒಂದೋ ಎರಡೋ ಮಕ್ಕಳು. 2001ರಿಂದ 2011ರ ನಡುವೆ ಜಿಲ್ಲೆಯ ಜನಸಂಖ್ಯೆ ಮತ್ತೆ ಇಳಿಯಿತು, 11.40 ಲಕ್ಷದಿಂದ 11.38 ಲಕ್ಷಕ್ಕೆ. ಹಿಂದೆ ಜ್ವರ ಇಳಿಸಿದ್ದನ್ನು ಈ ಸಲ ಅನುಕೂಲವೇ ಇಳಿಸಿತು.

ಈಗ ಕಾಫಿ ಕುಯ್ಯುವವರಲ್ಲಿ ಅಸ್ಸಾಮಿನವರು ಬಹಳ. ಅವರಿಲ್ಲದೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಆದರೂ ಊರಿನ ಮಾತಿನಲ್ಲಿ ಅವರು 'ಹೊರಗಿನವರು'. ನಮ್ಮ ತೋಟಗಳನ್ನು ನೂರೈವತ್ತು ವರ್ಷದಿಂದ ಸಾಕಿದವರೆಲ್ಲ ಹೊರಗಿನವರೇ ಅಲ್ಲವೇ? ಜನಗಣತಿಯವರು ತೋಟಕ್ಕೆ ಬಂದಾಗ ಬಂಗಲೆಯಿಂದಲೇ ವಾಪಸು ಕಳಿಸಬೇಡಿ. ಲೈನಿಗೂ ಕರೆದುಕೊಂಡು ಹೋಗಿ, ಅಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಬರೆಸಿ.